ಲಂಡನ್ನಿನಲ್ಲಿ ಚೀನಾ ಬಗ್ಗೆ ಉಪನ್ಯಾಸ, ಪ್ರದರ್ಶನ: ಹುಡುಕುವುದರಿಂದ ಹಿಡಿದು ಪ್ರಶ್ನೆ ಕೇಳುವ ತನಕ

2020ರ ಜೂನ್ 15ರ ರಾತ್ರಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಚೀನಾ ಸೈನ್ಯದೊಡನೆ ನಡೆದ ಹೊಡೆದಾಟದಲ್ಲಿ ನಮ್ಮ 20 ಸೈನಿಕರು ಪ್ರಾಣ ಬಿಟ್ಟರು. ಸುದ್ದಿ ತಿಳಿದಾಗ ನಾನು ಲಂಡನ್ನಿನ ಮನೆಯಲ್ಲಿದ್ದೆ. ಊರಿನಿಂದ ಅಪ್ಪ ಫೋನ್ ಮಾಡಿದರು. ಮಾತಿನ ನಡುವೆ ಒಂದು ಪ್ರಶ್ನೆ ಕೇಳಿದರು: "ಚೀನಾದ ಜನ ಇದಕ್ಕೆ ಏನಂತಾರೆ?" ಸರ್ಕಾರ ಏನನ್ನುತ್ತೆ ಅಂತ ಅಲ್ಲ, ಜನ ಏನನ್ನುತ್ತಾರೆ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. 140 ಕೋಟಿ ಜನರ ದೇಶ ಅದು, ನಮ್ಮ ಪಕ್ಕದ ಮನೆ. ನಾಯಕರನ್ನು ಬಿಟ್ಟರೆ ಅಲ್ಲಿನ ಐದು ಜನರ ಹೆಸರು ಹೇಳಿ ಅಂದರೆ ನನಗೆ ಹೇಳಲು ಆಗುತ್ತಿರಲಿಲ್ಲ.

ಆ ವರ್ಷ ಉಪನ್ಯಾಸಗಳೆಲ್ಲ ಝೂಮ್‌ನಲ್ಲಿ ನಡೆಯುತ್ತಿದ್ದವು. ಹಾಗೆ ಕೇಳಲು ಶುರು ಮಾಡಿದೆ. ಆಮೇಲೆ ಹಾಲ್‌ಗಳ ಬಾಗಿಲು ತೆರೆದವು, ಹೋಗಲು ಶುರು ಮಾಡಿದೆ. ಮೊದಲ ಕೆಲವು ತಿಂಗಳು ಕೇಳಿದ್ದು ತಲೆಗೆ ಹತ್ತಲೇ ಇಲ್ಲ. ಹೇಗೆ ಹೋಗಬೇಕು ಅಂತ ಹೇಳಿಕೊಡುವವರು ಯಾರೂ ಇರಲಿಲ್ಲ. ಲಂಡನ್ನಿನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ, ಮಕ್ಕಳನ್ನು ನೋಡಲು ಆರು ತಿಂಗಳಿಗೆ ಬಂದಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲೇ ಇರುವವರಿಗೂ ಒಂದು ದಾರಿ ಇದೆ, ಅದನ್ನೂ ಹೇಳುತ್ತೇನೆ.

ಹೆಜ್ಜೆ 1: ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

"ಚೀನಾ ಬಗ್ಗೆ ತಿಳ್ಕೋಬೇಕು" ಅಂದುಕೊಂಡು ಹೊರಟರೆ ಏನೂ ಸಿಗುವುದಿಲ್ಲ. ಸಣ್ಣ ಪ್ರಶ್ನೆ ಬೇಕು, ಅದರಲ್ಲಿ ಒಬ್ಬ ಮನುಷ್ಯ ಇರಬೇಕು. "ಹಳ್ಳಿಯಿಂದ ಶಾಂಘೈಗೆ ಗಾರೆ ಕೆಲಸಕ್ಕೆ ಬಂದವನ ಮಗುವಿಗೆ ಅಲ್ಲಿ ಶಾಲೆ ಸಿಗುತ್ತಾ?" ಇದು ಒಳ್ಳೆಯ ಪ್ರಶ್ನೆ. ಇದರ ಬೆನ್ನು ಹತ್ತಿದರೆ 'ಹುಕೋ' ಅನ್ನುವ ಮಾತು ಎದುರಾಗುತ್ತದೆ. ಯಾವ ಊರಿನವರು ಅಂತ ಪ್ರತಿ ಮನೆಯನ್ನೂ ನೋಂದಾಯಿಸುವ ಪದ್ಧತಿ ಅದು. 1958ರಿಂದ ಕಾನೂನಾಗಿದೆ. ಹಳ್ಳಿಯ ಹುಕೋ ಇರುವವರಿಗೆ ದೊಡ್ಡ ಪೇಟೆಯಲ್ಲಿ ಮಕ್ಕಳ ಶಾಲೆ, ಆಸ್ಪತ್ರೆ, ಪಿಂಚಣಿ ಎಲ್ಲಕ್ಕೂ ತೊಡಕು. ಈ ಒಂದು ಮಾತು ಗೊತ್ತಿದ್ದರೆ ಸಮಾಜ, ದುಡಿಮೆ, ಮನೆ ಬೆಲೆ ಇಂಥ ವಿಷಯದ ಅರ್ಧಕ್ಕರ್ಧ ಉಪನ್ಯಾಸ ನಿಮಗೆ ತಿಳಿಯುತ್ತದೆ.

ಮೈಸೂರು, ಕೊಡಗು, ಉತ್ತರ ಕನ್ನಡದ ಕಡೆಯವರಿಗೆ ಇನ್ನೊಂದು ಪ್ರಶ್ನೆ ಕೈಯಲ್ಲೇ ಇದೆ. ಬೈಲಕುಪ್ಪೆಗೆ ಟಿಬೆಟಿನ ಜನ ಬಂದು ನೆಲೆಸಿ 60 ವರ್ಷ ದಾಟಿತು. ಮುಂಡಗೋಡಿಗೂ 60ರ ದಶಕದಲ್ಲೇ ಬಂದರು. ನಾವು ಅವರ ಅಂಗಡಿಯಲ್ಲಿ ಸ್ವೆಟರ್ ಕೊಂಡಿದ್ದೇವೆ, ಮೊಮೊ ತಿಂದಿದ್ದೇವೆ. ಆ ಅಂಗಡಿಯ ಅಜ್ಜಿ ಬಿಟ್ಟು ಬಂದ ಊರು ಈಗ ಹೇಗಿದೆ? ಈ ಪ್ರಶ್ನೆ ಇಟ್ಟುಕೊಂಡು ಟಿಬೆಟ್ ಬಗೆಗಿನ ಉಪನ್ಯಾಸಕ್ಕೆ ಹೋಗಿ. ಲಂಡನ್ನಿನ ಆ ಹಾಲ್‌ನಲ್ಲಿ ಟಿಬೆಟಿನವರನ್ನು ಅಕ್ಕಪಕ್ಕದ ಮನೆಯವರ ಹಾಗೆ ಕಂಡಿರುವವರು ನೀವೊಬ್ಬರೇ ಇರಬಹುದು.

ಹೆಜ್ಜೆ 2: ಎಲ್ಲಿ ನಡೆಯುತ್ತದೆ ಅಂತ ತಿಳಿಯಿರಿ

ಹೆಚ್ಚಿನವು ಬ್ಲೂಮ್ಸ್‌ಬರಿಯ ಸುತ್ತಮುತ್ತಲೇ ನಡೆಯುತ್ತವೆ. ಒಂದು ಮಧ್ಯಾಹ್ನ ಇದ್ದರೆ ಕಾಲ್ನಡಿಗೆಯಲ್ಲೇ ಎಲ್ಲ ನೋಡಿಕೊಂಡು ಬರಬಹುದು.

ರಸೆಲ್ ಸ್ಕ್ವೇರ್ ಹತ್ತಿರ ಸೋಆಸ್ ಇದೆ. ಏಷ್ಯಾ, ಆಫ್ರಿಕಾಗಳನ್ನೇ ಓದಲು 1916ರಲ್ಲಿ ಶುರುವಾದ ಸಂಸ್ಥೆ. ಅದರ ಚೀನಾ ಇನ್‌ಸ್ಟಿಟ್ಯೂಟ್ ಕಾಲೇಜು ನಡೆಯುವ ತಿಂಗಳುಗಳಲ್ಲಿ ಸಾರ್ವಜನಿಕರಿಗೂ ಉಪನ್ಯಾಸ ಇಡುತ್ತದೆ. ಅಲ್ಲೇ ಬ್ರುನೈ ಗ್ಯಾಲರಿ ಇದೆ, ಒಳಗೆ ಹೋಗಲು ದುಡ್ಡಿಲ್ಲ. ಅಲ್ಲಿಂದ ಐದು ನಿಮಿಷ ನಡೆದರೆ ಬ್ರಿಟಿಷ್ ಮ್ಯೂಸಿಯಂ. ಇನ್ನೊಂದು ದಿಕ್ಕಿಗೆ ಹೊರಟರೆ ಯೂಸ್ಟನ್ ಹತ್ತಿರ 1823ರ ರಾಯಲ್ ಏಷಿಯಾಟಿಕ್ ಸೊಸೈಟಿ, ಆಮೇಲೆ ಸೇಂಟ್ ಪ್ಯಾಂಕ್ರಸ್‌ನಲ್ಲಿ ಬ್ರಿಟಿಷ್ ಲೈಬ್ರರಿ. ಸ್ವಲ್ಪ ದೂರದಲ್ಲಿ ಎಲ್‌ಎಸ್‌ಇ, ಅಂದರೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. ಅರ್ಥವ್ಯವಸ್ಥೆ, ರಾಜಕೀಯದ ದೊಡ್ಡ ಭಾಷಣ ಅಲ್ಲಿ ಜಾಸ್ತಿ. ದಕ್ಷಿಣ ಕೆನ್ಸಿಂಗ್ಟನ್ನಿನ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ಮ್ಯೂಸಿಯಂನಲ್ಲಿ 1991ರಲ್ಲಿ ತೆರೆದ ಚೀನೀ ಕಲೆಯ ಗ್ಯಾಲರಿ ಇದೆ.

ಇವೆಲ್ಲದರ ಇಮೇಲ್ ಪಟ್ಟಿಗೆ ಹೆಸರು ಕೊಡಿ. ಉಚಿತ ಅಂತ ಇದ್ದರೂ ಮೊದಲೇ ಬುಕ್ ಮಾಡಿ. ಒಮ್ಮೆ ನಾನು ಸುಮ್ನೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಕುರ್ಚಿ ಖಾಲಿ ಕಾಣುತ್ತಿತ್ತು, ಪಟ್ಟಿಯಲ್ಲಿ ಹೆಸರಿಲ್ಲ ಅಂತ ಬಿಡಲಿಲ್ಲ. ಹೋಗಲು ಆಗದಿದ್ದರೆ ಬುಕಿಂಗ್ ರದ್ದು ಮಾಡಿಬಿಡಿ, ಹಾಗೆ ಬಾಗಿಲಲ್ಲಿ ನಿಂತವರಿಗೆ ಆ ಜಾಗ ಸಿಗಲಿ.

ವರ್ಷದ ಲೆಕ್ಕವೂ ಸ್ವಲ್ಪ ಗೊತ್ತಿರಲಿ. ಮಾರ್ಚ್‌ನಲ್ಲಿ ಬೀಜಿಂಗ್‌ನ ರಾಷ್ಟ್ರೀಯ ಜನತಾ ಸಭೆ, ಅಂದರೆ ಅಲ್ಲಿನ ಸಂಸತ್ತು, ಸೇರುತ್ತದೆ, ಆಗ ರಾಜಕೀಯದ ಉಪನ್ಯಾಸ ಹೆಚ್ಚು. ಜೂನ್ 4 ಹತ್ತಿರ ಬಂದರೆ 1989ರಲ್ಲಿ ಬೀಜಿಂಗ್‌ನ ತಿಯೆನಾನ್‌ಮೆನ್ ಚೌಕದ ಪ್ರತಿಭಟನೆಯನ್ನು ಸೈನ್ಯ ಹತ್ತಿಕ್ಕಿದಾಗ ಸತ್ತವರ ನೆನಪಿನ ಸಭೆಗಳು. ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. 2022ರ ಅಕ್ಟೋಬರ್‌ನಲ್ಲಿ ನಡೆದದ್ದು 20ನೆಯದು. ಶರತ್ಕಾಲದಲ್ಲಿ ಕಲಾವಸ್ತು ಮಾರಾಟಗಾರರೂ ಮ್ಯೂಸಿಯಂಗಳೂ ಸೇರಿ ಏಷ್ಯನ್ ಕಲೆಯ ವಾರ ಮಾಡುತ್ತಾರೆ, ಆಗ ಕೆಲವು ಅಂಗಡಿಗಳ ಒಳಗೂ ಪುಕ್ಕಟೆಯಾಗಿ ಒಳ್ಳೊಳ್ಳೆಯ ವಸ್ತು ನೋಡಲು ಸಿಗುತ್ತದೆ.

ಹೆಜ್ಜೆ 3: ಯಾರು ನಡೆಸುತ್ತಿದ್ದಾರೆ ಅಂತ ನೋಡಿ

ಪೋಸ್ಟರಿನ ಕೆಳಗಿನ ಸಣ್ಣ ಅಕ್ಷರ ಓದಿ. ಚೀನಾ ಸರ್ಕಾರದ ನೆರವಿರುವ ಕನ್ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್‌ಗಳು 2004ರಿಂದ ಇವೆ. ಭಾಷೆ, ಕ್ಯಾಲಿಗ್ರಫಿ, ಚಹಾ ಕಲಿಯಲು ಹೋಗಬಹುದು, ಚೆನ್ನಾಗಿಯೇ ಕಲಿಸುತ್ತಾರೆ. ಅಲ್ಲಿ ಉಯ್ಗುರ್ ಮುಸ್ಲಿಮರ ನಾಡಾದ ಷಿನ್‌ಜಿಯಾಂಗ್ ಬಗ್ಗೆ ಬಿಚ್ಚು ಮಾತಿನ ಚರ್ಚೆ ನಡೆಯುತ್ತದೆ ಅಂತ ಮಾತ್ರ ಕಾಯಬೇಡಿ. ಇನ್ನೊಂದು ಕಡೆ ಉಯ್ಗುರ್, ಟಿಬೆಟ್, ಹಾಂಗ್‌ಕಾಂಗ್ ಗುಂಪುಗಳು ನಡೆಸುವ ಸಭೆಗಳಿವೆ. 2021ರ ಜನವರಿ ಕೊನೆಯಲ್ಲಿ ಬ್ರಿಟನ್ ಹೊಸ ವೀಸಾ ದಾರಿ ತೆರೆದ ಮೇಲೆ ಹಾಂಗ್‌ಕಾಂಗಿನಿಂದ ಬಹಳ ಜನ ಇಲ್ಲಿಗೆ ಬಂದಿದ್ದಾರೆ. ಅವರ ಸಿನೆಮಾ ಪ್ರದರ್ಶನ, ಪುಸ್ತಕ ಸಂಜೆಗಳಲ್ಲಿ ಜೀವ ತುಂಬಿರುತ್ತದೆ. ಅಲ್ಲಿ ನೋವಿನ ಮಾತು ಬರುತ್ತದೆ, ಅದನ್ನು ನೋವು ಅಂತಲೇ ಕೇಳಿಸಿಕೊಳ್ಳಿ.

ನನ್ನ ಮಟ್ಟಿಗೆ ನಾನು ಒಂದು ವಿಷಯಕ್ಕೆ ಎರಡು ಕಡೆ ಹೋಗುತ್ತೇನೆ. ಒಂದು ವಿಶ್ವವಿದ್ಯಾಲಯದ್ದು, ಇನ್ನೊಂದು ಅದನ್ನು ಅನುಭವಿಸಿದವರದ್ದು. ಒಂದೇ ಕಡೆ ಕೇಳಿ ಬಂದ ದಿನ ನನಗೆ ಎಲ್ಲಾ ಗೊತ್ತಾಯ್ತು ಅನಿಸಿಬಿಡುತ್ತಿತ್ತು. ಆ ಭಾವನೆಯನ್ನು ನಂಬಬಾರದು ಅಂತ ಕಲಿತಿದ್ದೇನೆ.

ಹೆಜ್ಜೆ 4: ಭಾಷಣಕ್ಕೆ ಮುಂಚೆ ಒಂದು ವಸ್ತು ನೋಡಿ

ಈ ಬರಹದಲ್ಲಿ ಒಂದೇ ಒಂದು ಮಾತು ಇಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಉಪನ್ಯಾಸದಲ್ಲಿ ದೇಶ, ಪಕ್ಷ, ನೀತಿ, ಶೇಕಡಾವಾರು ಇಂಥ ದೊಡ್ಡ ಮಾತುಗಳೇ ಜಾಸ್ತಿ. ಅದಕ್ಕೆ ಮುಂಚೆ ಒಬ್ಬ ಮನುಷ್ಯನ ಹೆಸರಿರುವ ಒಂದು ವಸ್ತು ನೋಡಿದರೆ ಕಿವಿ ಬೇರೆ ಥರ ಕೇಳಿಸಿಕೊಳ್ಳುತ್ತದೆ.

ಬ್ರಿಟಿಷ್ ಮ್ಯೂಸಿಯಂ 95ನೇ ಕೋಣೆಗೆ ಹೋಗಿ. ಸುಮಾರು 1,700 ಪಿಂಗಾಣಿ ವಸ್ತುಗಳಿವೆ. ಕೂಡಿಸಿದವರು ಪರ್ಸಿವಲ್ ಡೇವಿಡ್, ಹುಟ್ಟಿದ್ದು 1892ರಲ್ಲಿ ನಮ್ಮ ಬೊಂಬಾಯಿಯಲ್ಲಿ. ಎಲ್ಲ ನೋಡಲು ಹೋಗಬೇಡಿ. ನೀಲಿ ಬಿಳಿ ಬಣ್ಣದ ಎರಡು ಎತ್ತರದ ಹೂಜಿಗಳಿವೆ, ಸುಮಾರು ಎರಡು ಅಡಿ. ಅವುಗಳ ಮುಂದೆ ಕಾಲು ಗಂಟೆ ನಿಲ್ಲಿ.

ಹಿಡಿಕೆ ನೋಡಿ. ಆನೆಯ ತಲೆ. ನಡುವಿನಲ್ಲಿ ಮೈ ತಿರುಚಿಕೊಂಡ ಡ್ರ್ಯಾಗನ್. ಕುತ್ತಿಗೆಯ ಸುತ್ತ ಬಾಳೆ ಎಲೆಗಳು. ಆ ಎಲೆಗಳ ನಡುವೆ ಅಕ್ಷರ ಇದೆ. ಜಾಂಗ್ ವೆನ್‌ಚಿನ್ ಅನ್ನುವ ಭಕ್ತ ತನ್ನ ಮನೆಮಂದಿಯೆಲ್ಲ ಸುಖವಾಗಿರಲಿ ಅಂತ ಒಂದು ಧೂಪದ ಪಾತ್ರೆ ಮತ್ತು ಈ ಜೋಡಿ ಹೂಜಿಗಳನ್ನು ಗುಡಿಗೆ ಕೊಟ್ಟಿದ್ದಾನೆ ಅಂತ ಬರೆದಿದೆ. ತಾರೀಕೂ ಇದೆ, 1351. ನಮ್ಮಲ್ಲಿ ಹರಕೆ ತೀರಿಸಲು ಗಂಟೆ ಕೊಟ್ಟು ಅದರ ಮೇಲೆ ಹೆಸರು ಕೆತ್ತಿಸುತ್ತಾರಲ್ಲ, ಅದೇ. ನೀಲಿ ಬಣ್ಣದ ಕೋಬಾಲ್ಟ್ ಇರಾನಿನ ಕಡೆಯಿಂದ ಬಂದದ್ದು. ಆ ಹೊತ್ತಿಗೆ ನಮ್ಮಲ್ಲಿ ಒಂದನೇ ಹರಿಹರ ವಿಜಯನಗರ ಕಟ್ಟುತ್ತಿದ್ದ. ಮುಂದೆ ಚೀನಾದ ಪಿಂಗಾಣಿ ಹಂಪಿಗೂ ಬಂತು, ಅಲ್ಲಿನ ಉತ್ಖನನದಲ್ಲಿ ಅದರ ಚೂರುಗಳು ಸಿಕ್ಕಿವೆ. ಈ ಹೂಜಿಗಳ ಮುಂದೆ ಮೊದಲ ಸಲ ನಿಂತಾಗ ನನಗೆ ಅಮ್ಮನ ಸ್ಟೀಲ್ ಕೊಡದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಜ್ಜನ ಹೆಸರು ನೆನಪಾಯಿತು. ಕಣ್ಣು ತುಂಬಿ ಬಂತು.

ಎರಡನೆಯದು ಬ್ರಿಟಿಷ್ ಲೈಬ್ರರಿಯ ವಜ್ರಸೂತ್ರ. ಬುದ್ಧನ ಉಪದೇಶದ ಪುಸ್ತಕ. ಸಂಸ್ಕೃತದಿಂದ ಚೀನೀ ಭಾಷೆಗೆ ತಂದವನು ಕುಮಾರಜೀವ ಅನ್ನುವ ಭಿಕ್ಷು. ತಾರೀಕು ನಮೂದಾಗಿರುವ ಅಚ್ಚಿನ ಪುಸ್ತಕಗಳಲ್ಲಿ ಇಡಿಯಾಗಿ ಉಳಿದಿರುವ ಅತಿ ಹಳೆಯದು ಇದೇ, 868ರದ್ದು. ಕೊನೆಯಲ್ಲಿ ವಾಂಗ್ ಜಿಯೆ ಅನ್ನುವವನು ತನ್ನ ತಂದೆತಾಯಿಯ ಹೆಸರಿನಲ್ಲಿ ಎಲ್ಲರಿಗೂ ಹಂಚಲು ಇದನ್ನು ಮಾಡಿಸಿದ ಅಂತ ಇದೆ. ಆಗ ಮಾನ್ಯಖೇಟದಲ್ಲಿ ನೃಪತುಂಗ ಆಳುತ್ತಿದ್ದ. 1907ರಲ್ಲಿ ವಾಯವ್ಯ ಚೀನಾದ ದುನ್‌ಹುವಾಂಗ್ ಗುಹೆಗಳಿಂದ ಪುರಾತತ್ವ ಶೋಧಕ ಆರೆಲ್ ಸ್ಟೈನ್ ಇದನ್ನು ತಂದ. ಮೂಲ ಪ್ರತಿ ಯಾವಾಗಲೂ ಹೊರಗೆ ಇರುವುದಿಲ್ಲ, ಆದರೆ ಪೂರ್ತಿ ಚಿತ್ರಗಳು ಇಂಟರ್ನೆಟ್‌ನಲ್ಲಿ ಇವೆ. ಊರಲ್ಲಿ ಕೂತೇ ನೋಡಬಹುದು.

ಮೂರನೆಯದು ನೋಡಲು ಸಿಕ್ಕರೆ ಭಾಗ್ಯ. ಬ್ರಿಟಿಷ್ ಮ್ಯೂಸಿಯಂನಲ್ಲೇ ಇರುವ, ಅರಮನೆಯ ಹೆಂಗಸರಿಗೆ ಬುದ್ಧಿಮಾತು ಹೇಳುವ ರೇಷ್ಮೆಯ ಚಿತ್ರಸುರುಳಿ. ಬರೆದವನು ಅಂತ ಹೆಸರು ಹೇಳುವುದು ಗು ಕೈಜಿ ಅನ್ನುವ ಹಳೆಯ ಚಿತ್ರಕಾರನದ್ದು, ಆದರೆ ಈಗಿರುವುದು ಅವನ ಕಾಲದ ನಂತರದ ಪ್ರತಿ ಅಂತ ಬಹುತೇಕ ಪಂಡಿತರ ಮಾತು. ಬೆಳಕಿಗೆ ರೇಷ್ಮೆ ಹಾಳಾಗುತ್ತೆ ಅಂತ ವರ್ಷಕ್ಕೆ ಕೆಲವೇ ವಾರ ತೋರಿಸುತ್ತಾರೆ. ಇದನ್ನು ಬಲದಿಂದ ಎಡಕ್ಕೆ ನೋಡಬೇಕು. ಹಿಂದೆ ಒಂದು ಮಾರು ಬಿಚ್ಚುವುದು, ನೋಡುವುದು, ಸುತ್ತಿಕೊಳ್ಳುವುದು, ಹೀಗೆ ನೋಡುತ್ತಿದ್ದರಂತೆ. ಒಂದು ಕಡೆ ಕರಡಿ ನುಗ್ಗಿ ಬರುತ್ತಿದೆ, ಫಂಗ್ ಅನ್ನುವ ಹೆಂಗಸು ರಾಜನಿಗೆ ಅಡ್ಡವಾಗಿ ನಿಂತಿದ್ದಾಳೆ. ಇನ್ನೊಂದು ಕಡೆ ಒಬ್ಬಳು ಕನ್ನಡಿ ಮುಂದೆ ಕೂತಿದ್ದಾಳೆ, ಹಿಂದೆ ನಿಂತವಳು ತಲೆ ಬಾಚುತ್ತಿದ್ದಾಳೆ. ಎಲ್ಲೆಲ್ಲೂ ಕೆಂಪು ಮುದ್ರೆಗಳು. ಇಟ್ಟುಕೊಂಡವರೆಲ್ಲ ಒತ್ತುತ್ತಾ ಬಂದಿದ್ದಾರೆ. 18ನೇ ಶತಮಾನದ ಛಿಯೆನ್‌ಲುಂಗ್ ಚಕ್ರವರ್ತಿ ಮುದ್ರೆ ಒತ್ತಿದ್ದಲ್ಲದೆ ತಾನೂ ಒಂದು ಆರ್ಕಿಡ್ ಗಿಡ ಬರೆದು ಸೇರಿಸಿದ್ದಾನೆ. 1903ರಲ್ಲಿ ಮ್ಯೂಸಿಯಂ ಇದನ್ನು 25 ಪೌಂಡಿಗೆ ಕೊಂಡಿತು. ಮಾರಿದವರು ಬೀಜಿಂಗ್‌ನಲ್ಲಿದ್ದ ಬಂಗಾಳ ಲ್ಯಾನ್ಸರ್ಸ್ ಪಡೆಯ ಒಬ್ಬ ಕ್ಯಾಪ್ಟನ್. 1900ರಲ್ಲಿ ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆ ಅಡಗಿಸಲು ಬ್ರಿಟಿಷರು ಕಳಿಸಿದ ಸೈನ್ಯದಲ್ಲಿ ನಮ್ಮ ದೇಶದ ಸಿಪಾಯಿಗಳೇ ಬಹಳ ಜನ ಇದ್ದರು. ಆಗ ಬೀಜಿಂಗ್‌ನಲ್ಲಿ ನಡೆದ ಲೂಟಿಯ ಬಗ್ಗೆ ಉಪನ್ಯಾಸ ಕೇಳುವಾಗ ಇದು ನೆನಪಿರಬೇಕು. ಆ ಕಥೆಯಲ್ಲಿ ನಮ್ಮ ಜನರೂ ಇದ್ದಾರೆ.

ಈಗಿನ ಕಲೆಗೂ ಇದೇ ದಾರಿ. 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯಲ್ಲಿ ಚೀನೀ ಕಲಾವಿದ ಐ ವೇವೇ ಸೂರ್ಯಕಾಂತಿ ಬೀಜಗಳನ್ನು ನೆಲದ ತುಂಬ ಹರಡಿದ್ದರು. 10 ಕೋಟಿ ಬೀಜ, ಎಲ್ಲಾ ಪಿಂಗಾಣಿಯದು. ಜಿಂಗ್‌ದೆಜೆನ್ ಊರಿನಲ್ಲಿ ಸುಮಾರು 1,600 ಜನ ಕೈಯಿಂದಲೇ ಮಾಡಿ ಬಣ್ಣ ಹಚ್ಚಿದ್ದು. ಕಲಾವಿದನ ಹೆಸರಿನ ಜೊತೆಗೆ ಆ 1,600 ಜನರ ಬಗ್ಗೆಯೂ ಯೋಚಿಸಿ, ಉಪನ್ಯಾಸದಲ್ಲಿ ಕೇಳಲು ಎಷ್ಟೋ ಪ್ರಶ್ನೆ ಹುಟ್ಟುತ್ತವೆ.

ಹೆಜ್ಜೆ 5: ಹೆಸರುಗಳಿಗೆ ಕಿವಿ ಹದ ಮಾಡಿಕೊಳ್ಳಿ

ಮೊದಲ ತಿಂಗಳುಗಳಲ್ಲಿ ನನಗೆ ಕಷ್ಟವಾದದ್ದು ಇಲ್ಲೇ. ಸ್ಲೈಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು ಕಾಣುತ್ತದೆ, ಭಾಷಣಕಾರರ ಬಾಯಲ್ಲಿ ಬೇರೆಯೇ ಕೇಳಿಸುತ್ತದೆ. ಆ ಬರವಣಿಗೆಗೆ ಪಿನ್‌ಯಿನ್ ಅಂತ ಹೆಸರು, 1958ರಲ್ಲಿ ಚೀನಾ ಒಪ್ಪಿಕೊಂಡದ್ದು. ಅದನ್ನು ಇಂಗ್ಲಿಷಿನ ಹಾಗೆ ಓದಬಾರದು.

ಎಕ್ಸ್ ಅಕ್ಷರ ಕಂಡರೆ 'ಶ' ಅನ್ನಿ. ಕ್ಯೂ ಕಂಡರೆ 'ಛ'. ಸಿ ಕಂಡರೆ 'ತ್ಸ'. ಅಂದರೆ ಕೊನೆಯ ರಾಜವಂಶ ಛಿಂಗ್. ಆ ಕಾಲದ ಪ್ರಸಿದ್ಧ ರಾಜಮಾತೆ ತ್ಸಿಶೀ.

ಇಲ್ಲಿ ಕನ್ನಡದವರಿಗೆ ದೊಡ್ಡ ಅನುಕೂಲ ಇದೆ. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಬೇರೆ ಬೇರೆ. ಪಿನ್‌ಯಿನ್‌ನ ಬಿ ಅಕ್ಷರ ನಿಜಕ್ಕೂ ನಮ್ಮ 'ಪ', ಪಿ ಅಕ್ಷರ ಫಲದ 'ಫ'. ಡಿ ಅಂದರೆ 'ತ', ಟಿ ಅಂದರೆ 'ಥ'. ಜಿ ಅಂದರೆ 'ಕ', ಕೆ ಅಂದರೆ 'ಖ'. ಜೆ ಅಂದರೆ 'ಚ', ಕ್ಯೂ ಅಂದರೆ 'ಛ'. ನಮ್ಮ ವರ್ಗದ ಮೊದಲೆರಡು ಅಕ್ಷರ! ಆದ್ದರಿಂದ ಬೀಜಿಂಗ್ ಹೆಚ್ಚುಕಡಿಮೆ ಪೇಯ್‌ಚಿಂಗ್. ಟಾಂಗ್ ವಂಶ ಥಾಂಗ್. ನಮ್ಮ ಹಳೆಯ ಪತ್ರಿಕೆಗಳು 'ಮಾವೋ ತ್ಸೆ ತುಂಗ್' ಅಂತ ಅಚ್ಚು ಹಾಕುತ್ತಿದ್ದವಲ್ಲ, ಅದು ಈಗಿನ 'ಝೆಡಾಂಗ್'ಗಿಂತ ನಿಜವಾದ ಉಚ್ಚಾರಕ್ಕೆ ಹತ್ತಿರ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದನ್ನು ಹೇಳಿಕೊಡಲು ಮೇಷ್ಟ್ರುಗಳು ಬಾಯಿ ಮುಂದೆ ಕಾಗದ ಹಿಡಿಸಿ ಊದಿಸುತ್ತಾರೆ. ನಮಗೆ ಒಂದನೇ ಕ್ಲಾಸಿನಲ್ಲೇ ಕಲಿಸಿಬಿಟ್ಟಿದ್ದಾರೆ. ನೋಟ್ಸ್ ಬರೆಯುವಾಗ ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ. ಮನೆಗೆ ಬಂದು ಓದಿದಾಗ ಕಿವಿಗೆ ಬಿದ್ದ ಹಾಗೇ ಬರುತ್ತದೆ. ಈ ಬರಹದಲ್ಲಿ ಮಾತ್ರ ರೂಢಿಯಲ್ಲಿರುವ ಹೆಸರುಗಳನ್ನು ಹಾಗೇ ಬಿಟ್ಟಿದ್ದೇನೆ, ಹುಡುಕಲು ಸುಲಭ ಆಗಲಿ ಅಂತ.

ಮನೆತನದ ಹೆಸರು ಮೊದಲು ಬರುತ್ತದೆ ಅನ್ನುವುದೂ ಗೊತ್ತಿರಲಿ. ಶಿ ಜಿನ್‌ಪಿಂಗ್‌ನಲ್ಲಿ ಶಿ ಮನೆತನ, ಐ ವೇವೇಯಲ್ಲಿ ಐ. ಬ್ರಿಟನ್ನಿನಲ್ಲೇ ನೆಲೆಸಿದ ಕೆಲವರು ಇಲ್ಲಿನ ಪದ್ಧತಿಯಂತೆ ತಿರುಗಿಸಿ ಬರೆಯುತ್ತಾರೆ. ಗೊಂದಲ ಆದರೆ ಅವರನ್ನೇ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 6: ಕಾಲದ ಲೆಕ್ಕವನ್ನು ನಮ್ಮ ಇತಿಹಾಸಕ್ಕೆ ಜೋಡಿಸಿ

ಚೀನೀ ವಂಶಗಳ ಪಟ್ಟಿ ಬಾಯಿಪಾಠ ಮಾಡಲು ಹೋದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ನಾನು ಹೀಗೆ ಇಟ್ಟುಕೊಂಡಿದ್ದೇನೆ. ಟಾಂಗ್ (618–907) ಅಂದರೆ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು. ಇಮ್ಮಡಿ ಪುಲಕೇಶಿಯ ನಾಡಿಗೆ ಬಂದು ಅವನ ಬಗ್ಗೆ ಬರೆದ ಹ್ಯೂಯೆನ್ ತ್ಸಾಂಗ್ ಟಾಂಗ್ ಕಾಲದವನು. ಉಪನ್ಯಾಸಗಳಲ್ಲಿ ಅವನ ಹೆಸರು ಶ್ವೆನ್‌ತ್ಸಾಂಗ್ ಅಂತ ಕೇಳಿಸುತ್ತದೆ, ಅದೇ ಮನುಷ್ಯ. ಸಾಂಗ್ (960–1279) ಅಂದರೆ ಕಲ್ಯಾಣದ ಚಾಲುಕ್ಯರು, ಹೊಯ್ಸಳರು. ಮಿಂಗ್ (1368–1644) ಅಂದರೆ ವಿಜಯನಗರ ಮತ್ತು ಅದರ ನಂತರದ ಕಾಲ. ಛಿಂಗ್ (1644–1912) ಅಂದರೆ ಕೆಳದಿಯ ಚೆನ್ನಮ್ಮ, ಹೈದರ್, ಟಿಪ್ಪುವಿನಿಂದ ನಾಲ್ವಡಿಯವರ ತನಕ.

ಇತ್ತೀಚಿನ ಕಾಲಕ್ಕೆ ನಾಲ್ಕು ಇಸವಿ ಸಾಕು. 1912 ಗಣರಾಜ್ಯ. 1949 ಕಮ್ಯುನಿಸ್ಟ್ ಆಡಳಿತ. 1966ರಿಂದ 76 ಸಾಂಸ್ಕೃತಿಕ ಕ್ರಾಂತಿ. 1978 ಆರ್ಥಿಕ ಸುಧಾರಣೆಯ ಶುರು. ಯಾರ ವಯಸ್ಸು ಕೇಳಿದರೂ ಈ ನಾಲ್ಕರ ಪಕ್ಕ ಇಟ್ಟು ನೋಡಿ. 1955ರಲ್ಲಿ ಹುಟ್ಟಿದ ಕಲಾವಿದೆ ಅಂದರೆ, ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಶಾಲೆ ಮುಚ್ಚಿತ್ತು ಅಂತ ಆಗಲೇ ಹೊಳೆಯುತ್ತದೆ.

ಹೆಜ್ಜೆ 7: ಹಾಲ್‌ನಲ್ಲಿ

ಹತ್ತು ನಿಮಿಷ ಮುಂಚೆ ಹೋಗಿ. ಬದಿಯ ಕುರ್ಚಿ ಹಿಡಿದರೆ ಸ್ಲೈಡೂ ಕಾಣುತ್ತೆ, ಮೈಕೂ ಬೇಗ ಸಿಗುತ್ತೆ. ಎಲ್ಲಾ ಬರೆದುಕೊಳ್ಳಬೇಡಿ. ಕೇಳಿದ ಹೆಸರು, ಹೊಸ ಪದ, ನಂಬಲು ಕಷ್ಟವಾದ ಒಂದು ಮಾತು, ಇಷ್ಟೇ ಸಾಕು.

ಕೆಲವು ಸಭೆಗಳು 'ಚಾಥಮ್ ಹೌಸ್ ನಿಯಮ'ದಂತೆ ನಡೆಯುತ್ತವೆ. ಲಂಡನ್ನಿನ ಅದೇ ಹೆಸರಿನ ಸಂಸ್ಥೆ 1927ರಲ್ಲಿ ಮಾಡಿದ ನಿಯಮ. ಕೇಳಿದ ವಿಷಯವನ್ನು ಹೊರಗೆ ಹೇಳಬಹುದು, ಆದರೆ ಯಾರು ಹೇಳಿದರು, ಯಾರ್ಯಾರು ಬಂದಿದ್ದರು ಅಂತ ಹೇಳಬಾರದು. ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಹಾಕುವಾಗಲೂ ಈ ನಿಯಮ ಪಾಲಿಸಬೇಕು.

ಕಲೆ, ಕವಿತೆಯ ಕಾರ್ಯಕ್ರಮ ಆದರೆ ಅನುವಾದಕರ ಹೆಸರು ಇದೆಯಾ ನೋಡಿ. 2023ರಲ್ಲಿ ಬ್ರಿಟಿಷ್ ಮ್ಯೂಸಿಯಂ 19ನೇ ಶತಮಾನದ ಚೀನಾ ಬಗ್ಗೆ ಪ್ರದರ್ಶನ ಇಟ್ಟಾಗ ಛಿಯೂ ಜಿನ್ ಕವಿತೆಗಳ ಅನುವಾದವನ್ನು ಅನುವಾದಕರಾದ ಯಿಲಿನ್ ವಾಂಗ್ ಅವರ ಅನುಮತಿ ಇಲ್ಲದೆ ಬಳಸಿತ್ತು. ಅವರು ಪಟ್ಟು ಬಿಡಲಿಲ್ಲ. ಮ್ಯೂಸಿಯಂ ಕ್ಷಮೆ ಕೇಳಿತು, ಆಮೇಲೆ ರಾಜಿ ಆಯಿತು. ಹೆಣ್ಣುಮಕ್ಕಳ ಹಕ್ಕಿಗಾಗಿ ಹೋರಾಡಿ 1907ರಲ್ಲಿ ಮರಣದಂಡನೆಗೆ ಗುರಿಯಾದ ಕವಿ ಛಿಯೂ ಜಿನ್. ಅವರ ಮಾತನ್ನು ನಮ್ಮ ತನಕ ತಂದವರ ಹೆಸರು ಕಾಣದೆ ಹೋಗಬಾರದು, ಅಲ್ವಾ?

ಹೆಜ್ಜೆ 8: ಪ್ರಶ್ನೆ ಕೇಳುವುದು

ಒಂದೇ ಪ್ರಶ್ನೆ, ಎರಡೇ ವಾಕ್ಯ. "ನಾನು ಭಾರತದವನು, ನಮ್ಮ ಗಡಿಯಲ್ಲಿ..." ಅಂತ ಐದು ನಿಮಿಷ ಮಾತಾಡಿದರೆ ಸಭೆಯೇ ಮುದುಡುತ್ತದೆ. ಭಾಷಣಕಾರರು ಹೇಳಿದ ಒಂದು ಮಾತನ್ನು ಹಿಡಿದು ಕೇಳಿ. "ಚೀನೀಯರು ಯಾಕೆ ಹೀಗೆ?" ಅಂತ ಕೇಳಬೇಡಿ. "ನೀವು ಮಾತಾಡಿಸಿದ ಕಾರ್ಖಾನೆ ಹುಡುಗಿಯರು ಹಬ್ಬಕ್ಕೆ ಊರಿಗೆ ಹೋದಾಗ ಮದುವೆ ಬಗ್ಗೆ ಮನೆಯವರಿಗೆ ಏನು ಹೇಳುತ್ತಾರೆ?" ಅಂತ ಕೇಳಿ. ಒಮ್ಮೆ ಒಬ್ಬ ವಯಸ್ಸಾದ ಹೆಂಗಸು ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿದರು. ಅಷ್ಟು ಹೊತ್ತು ಹಾಳೆ ನೋಡಿ ಓದುತ್ತಿದ್ದ ಸಂಶೋಧಕರು ಹಾಳೆ ಕೆಳಗಿಟ್ಟರು. ಮುಂದಿನ ಹತ್ತು ನಿಮಿಷದ ಮಾತು ಇಡೀ ಸಂಜೆಗಿಂತ ಚೆನ್ನಾಗಿತ್ತು.

ಗಡಿ ವಿಚಾರ ಕೇಳಲೇಬೇಕು ಅನಿಸಿದರೆ ಕೇಳಿ. ಚೀನಾದ ಓದುಗರಿಗೆ ಆ ಸುದ್ದಿ ಯಾವಾಗ, ಹೇಗೆ ತಲುಪಿತು ಅಂತ ಕೇಳಿದರೆ ಉತ್ತರದಲ್ಲಿ ತಿಳಿದುಕೊಳ್ಳುವಂಥದ್ದು ಸಿಗುತ್ತದೆ.

ಹೆಜ್ಜೆ 9: ನಾಟಕ, ಹಬ್ಬ

ಮಾತಿನಿಂದ ಸುಸ್ತಾದರೆ ಚೀನೀ ಆಪೆರಾ ನೋಡಿ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ನೆಂಟರ ಮನೆ. ಪೀಕಿಂಗ್ ಆಪೆರಾದಲ್ಲಿ ಮುಖದ ಬಣ್ಣವೇ ಪಾತ್ರ ಹೇಳುತ್ತದೆ: ಕೆಂಪು ನಿಷ್ಠೆ, ಬಿಳಿ ಕಪಟ, ಕಪ್ಪು ನೇರ ನಡತೆ. ರಂಗದ ಮೇಲೆ ಒಂದು ಮೇಜು, ಎರಡು ಕುರ್ಚಿ. ಕೈಯಲ್ಲಿ ಗೊಂಡೆ ಕಟ್ಟಿದ ಚಾವಟಿ ಇದ್ದರೆ ಕುದುರೆ ಮೇಲೆ ಕೂತ ಹಾಗೆ. ಒಂದು ಸುತ್ತು ಬಂದರೆ ನೂರಾರು ಮೈಲಿ ಪ್ರಯಾಣ. ಮೇಯ್ ಲಾನ್‌ಫಾಂಗ್ (1894–1961) ಸ್ತ್ರೀವೇಷಕ್ಕೇ ಜಗತ್ತಿನಲ್ಲಿ ಹೆಸರಾದವರು. ಪೀಕಿಂಗ್ ಆಪೆರಾಕ್ಕಿಂತ ಹಳೆಯದು, ನಿಧಾನವಾದದ್ದು ಕುನ್‌ಛೂ ಅನ್ನುವ ಆಪೆರಾ. ಒಂದು ನಿಟ್ಟುಸಿರಿಗೆ ಎಷ್ಟೊಂದು ರಾಗ! ಪದ್ಯ ಮುಗಿದಾಗ ಜನ "ಹಾವ್!" ಅಂತ ಕೂಗುತ್ತಾರೆ, ಭಲೇ ಅಂದ ಹಾಗೆ. ನೀವೂ ಕೂಗಬಹುದು.

ಹೊಸ ವರ್ಷ ಜನವರಿ 21ರಿಂದ ಫೆಬ್ರವರಿ 20ರ ಒಳಗೆ ಅಮಾವಾಸ್ಯೆಯ ಲೆಕ್ಕದಲ್ಲಿ ಬರುತ್ತದೆ. ಯುಗಾದಿ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ಸಿಂಹದ ಕುಣಿತ ನೋಡಿ. ಚೈನಾಟೌನ್‌ನ ಜೆರಾರ್ಡ್ ಸ್ಟ್ರೀಟಿನಲ್ಲಿ ಆ ದಿನ ಕಾಲಿಡಲು ಜಾಗ ಇರಲ್ಲ, ಮಕ್ಕಳಿದ್ದರೆ ಬೆಳಿಗ್ಗೆಯೇ ಹೋಗಿ.

ಹೆಜ್ಜೆ 10: ಊರಲ್ಲೇ ಇದ್ದರೆ

ಸೋಆಸ್, ಎಲ್‌ಎಸ್‌ಇ ಎರಡೂ ಬಹಳಷ್ಟು ಉಪನ್ಯಾಸಗಳ ರೆಕಾರ್ಡಿಂಗ್ ಹಾಕುತ್ತವೆ. ನೇರ ಪ್ರಸಾರ ಆದರೆ ಲೆಕ್ಕ ಹೀಗೆ: ಲಂಡನ್ನಿನ ಸಂಜೆ 5 ಗಂಟೆ ಅಂದರೆ ಚಳಿಗಾಲದಲ್ಲಿ ನಮ್ಮ ರಾತ್ರಿ 10.30, ಬೇಸಿಗೆಯಲ್ಲಿ 9.30. ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಚೈನೀಸ್ ಸ್ಟಡೀಸ್‌ನ ಬುಧವಾರದ ಉಪನ್ಯಾಸ ಮಾಲೆ ದೊಡ್ಡ ಹೆಸರು ಮಾಡಿದೆ, ಅದರ ಬೇರು 1969ರ ಒಂದು ಅಧ್ಯಯನ ಗುಂಪಿನಲ್ಲಿದೆ. ಬೆಂಗಳೂರಿನಲ್ಲಿ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ. ತಕ್ಷಶಿಲಾ ಸಂಸ್ಥೆಯಲ್ಲೂ ಚೀನಾ ಬಗ್ಗೆಯೇ ಕೆಲಸ ಮಾಡುವವರಿದ್ದಾರೆ.

ಹೆಜ್ಜೆ 11: ಮುಗಿದ ಮೇಲೆ ಓಡಬೇಡಿ

ಉಪನ್ಯಾಸ ಮುಗಿದ ಮೇಲೆ ಕಾಲು ಗಂಟೆ ನಿಲ್ಲಿ. ಚೀನಾದಿಂದ ಓದಲು ಬಂದ ಹುಡುಗ ಹುಡುಗಿಯರು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿರುತ್ತಾರೆ, ಹಾಲ್‌ನಲ್ಲಿ ಜಾಸ್ತಿ ಮಾತಾಡುವುದಿಲ್ಲ. ಅದಕ್ಕೆ ಕಾರಣ ಇದೆ. ವಿದೇಶದಲ್ಲಿ ಓದುವ ಚೀನೀ ವಿದ್ಯಾರ್ಥಿಗಳ ಮೇಲೆ ನಿಗಾ, ಊರಲ್ಲಿರುವ ಅಪ್ಪ ಅಮ್ಮನ ಮೇಲೆ ಒತ್ತಡ ಬಂದದ್ದನ್ನು 2024ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವರದಿ ಮಾಡಿದೆ. ಆದ್ದರಿಂದ ಸಭಿಕರ ಫೋಟೋ ತೆಗೆಯಲೇಬೇಡಿ. ಪೂರ್ತಿ ಹೆಸರು ಕೇಳಬೇಡಿ. ಎಲ್ಲರ ಮುಂದೆ "ನಿಮ್ಮ ಅಧ್ಯಕ್ಷರ ಬಗ್ಗೆ ಏನಂತೀರಿ?" ಅನ್ನಬೇಡಿ. ಊಟ, ಅಜ್ಜಿ, ಪರೀಕ್ಷೆ, ಊರಿನ ಮಳೆ ಇವುಗಳ ಬಗ್ಗೆ ಮಾತಾಡಿ. ಉಳಿದದ್ದು ಅವರಿಗೆ ಬೇಕೆನಿಸಿದರೆ ಅವರೇ ಹೇಳುತ್ತಾರೆ.

ಹೋದ ಚಳಿಗಾಲದಲ್ಲಿ ಒಂದು ಉಪನ್ಯಾಸ ಮುಗಿಸಿ ಕೋಟು ಹಾಕಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನ ನೋಟ್‌ಬುಕ್ ಕಡೆ ಕೈ ತೋರಿಸಿ ಇದು ಯಾವ ಅಕ್ಷರ ಅಂತ ಕೇಳಿದಳು. ಚೀನಾದ ಹುನಾನ್ ಕಡೆಯವಳು. ಕನ್ನಡ ಅಂದೆ, ನಿನ್ನ ಹೆಸರಿನ ಒಂದು ಅಕ್ಷರ ಹೇಳು ಬರೆಯುತ್ತೇನೆ ಅಂದೆ. ಅವಳು ಹೇಳಿದಳು. ನಾನು 'ತ' ಬರೆದು ಓದಿದೆ. ಅವಳು ತಲೆ ಅಲ್ಲಾಡಿಸಿದಳು. ಅಂಗೈಯನ್ನು ಬಾಯಿ ಮುಂದೆ ಹಿಡಿದು ಮತ್ತೆ ಹೇಳಿದಳು, ಉಸಿರು ಅಂಗೈಗೆ ತಾಗುವ ಹಾಗೆ. ನಾನು 'ತ' ಹೊಡೆದು ಹಾಕಿ 'ಥ' ಬರೆದೆ, ಓದಿದೆ. "ತ್ವೇಯ್, ತ್ವೇಯ್" ಅಂದಳು. ಹೌದು, ಸರಿ ಅಂತ ಅರ್ಥ. ಆಮೇಲೆ ಪೆನ್ನು ಇಸಿದುಕೊಂಡು ಆ 'ಥ'ದ ಹೊಟ್ಟೆಯೊಳಗಿನ ಚುಕ್ಕಿಯನ್ನು ತಾನೇ ಮೂರು ಸಲ ಬರೆದು ನೋಡಿದಳು. ಆ ರಾತ್ರಿ ಮನೆ ತಲುಪಿದ ಮೇಲೆ ಅಪ್ಪನಿಗೆ ಫೋನ್ ಮಾಡಿ ಅವಳ ಅಜ್ಜಿಯ ಬಗ್ಗೆ, ಅವರ ಮನೆಯ ಮೆಣಸಿನಕಾಯಿ ಉಪ್ಪಿನಕಾಯಿಯ ಬಗ್ಗೆ ಹೇಳಿದೆ. ಅಪ್ಪ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.